ಬಂದರಿನ ಚಿತ್ರ, ಘಟ್ಟದ ಮೆಣಸು

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯೆಂದೊಡನೆ ಸಾಹಿತ್ಯಪ್ರಿಯರಿಗೆ ನೆನಪಾಗುವುದು ಕುವೆಂಪು ಅವರ ಹುಟ್ಟು. 1904ರ ಡಿಸೆಂಬರ್ 29ರಂದು ಅವರು ಜನಿಸಿದ್ದು ತಾಯಿಯ ತವರಾದ ಈ ಊರಿನಲ್ಲಿ. ಕಾಡು, ಗದ್ದೆ, ಅಡಕೆ ತೋಟಗಳ ಇಂಥ ಊರಿನ ಹೆಸರಿನೊಡನೆ ಹಡಗಿನ ಮಾತೆತ್ತಿದರೆ ಕೇಳಿದವರು ನಕ್ಕಾರು. ಕಡಲಿರುವುದು ಪಡುವಲಲ್ಲಿ, ಘಟ್ಟದ ಕೆಳಗೆ. ಇಲ್ಲಿ ಬಿದ್ದ ಮಳೆಯ ನೀರು ಕೂಡ ಆ ದಿಕ್ಕಿಗೆ ಹರಿಯದೆ, ತುಂಗೆಯನ್ನು ಕೂಡಿಕೊಂಡು, ನಾಡೆಲ್ಲ ಸುತ್ತಿ ಮೂಡಣ ಸಮುದ್ರಕ್ಕೆ ಹೋಗುತ್ತದೆ. ಆದರೆ ನೀರು ಹಿಡಿಯದ ಆ ದಾರಿಯನ್ನು ಮಲೆನಾಡಿನ ಮೆಣಸು ಹಿಡಿದಿತ್ತು. ಅದು ಹೋಗಿ ಸೇರಿದ ಬಂದರುಗಳ ಚಿತ್ರವೊಂದರ ಸಂಗತಿಯನ್ನು ಇಂದು ಹೇಳಬೇಕೆಂದಿದ್ದೇನೆ.

1635ರಲ್ಲಿ ಗೋವೆಯಲ್ಲಿ ಒಂದು ದೊಡ್ಡ ಸಂಪುಟ ಸಿದ್ಧವಾಯಿತು. ಆಗ ಸ್ಪೇನು, ಪೋರ್ತುಗಲ್ಲುಗಳೆರಡಕ್ಕೂ ಒಡೆಯನಾಗಿದ್ದ ಫಿಲಿಪ್ ದೊರೆಗೆ ಪೂರ್ವದೇಶಗಳಲ್ಲಿದ್ದ ತನ್ನ ಕೋಟೆಗಳ ಸ್ಥಿತಿಗತಿ ತಿಳಿಯಬೇಕಾಗಿತ್ತು. ಬರಹವನ್ನು ಆಂಟೋನಿಯೊ ಬೊಕಾರೊ ಎಂಬ ಇತಿಹಾಸಲೇಖಕನೂ, ಚಿತ್ರಗಳನ್ನು ವೈಸರಾಯಿಯ ಕಾರ್ಯದರ್ಶಿಯಾಗಿದ್ದ ಪೆದ್ರೊ ಬರೆಟೊ ದ ರೆಸೆಂದೆಯೂ ಒದಗಿಸಿದರು. ಪೋರ್ತುಗಲ್ಲಿನ ಎವೊರಾ ನಗರದ ಗ್ರಂಥಾಲಯದಲ್ಲಿ ಆ ಹಸ್ತಪ್ರತಿ ಉಳಿದುಬಂದಿದೆ. ಅದರಲ್ಲಿ ನಮ್ಮ ಕರಾವಳಿಯ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳು ಸೇರಿವೆ. ಬಸರೂರು ಅಲ್ಲಿ ‘ಬಾರ್ಸೆಲೋರ್’ ಆಗಿದೆ.

ಈ ಸಂಪುಟದ ಚಿತ್ರಗಳನ್ನು ನೋಡುವವನು ಆಕಾಶದಲ್ಲಿ ನಿಂತವನಂತೆ ಎಲ್ಲವನ್ನೂ ಮೇಲಿನಿಂದ ಕಾಣುತ್ತಾನೆ. ಶಾಯಿಯ ಗೆರೆ, ಅದರ ಮೇಲೆ ತೆಳುವಾದ ಬಣ್ಣ. ಗೋಡೆ, ಕೊತ್ತಲ, ಇಗರ್ಜಿ, ಹೊಳೆಯ ಬಾಯಿ, ಅಲ್ಲಲ್ಲಿ ನೀರಿನ ಮೇಲೆ ಹಡಗು. ನೋಟಕ್ಕೆ ಚೆಲುವಾಗಿದ್ದರೂ ಇವು ಚೆಲುವಿಗಾಗಿ ಬರೆದ ಚಿತ್ರಗಳಲ್ಲ. ಎಲ್ಲಿ ತೋಪು ಇಡಬೇಕು, ಎಲ್ಲಿ ಹಡಗು ನಿಲ್ಲಬಹುದು ಎಂಬ ಲೆಕ್ಕಾಚಾರ ಇವುಗಳ ಹಿಂದಿದೆ. ಚಿತ್ರಕಾರನ ಕೈ ಕುಶಲವಾದದ್ದು. ಆದರೆ ಅವನ ಕಣ್ಣು ಒಡೆಯನದು.

ಹಾಗಾದರೆ ಅವನು ಬರೆಯದೆ ಬಿಟ್ಟುದೇನು? ಹಡಗಿನ ಹೊಟ್ಟೆ ತುಂಬುವ ಮೊದಲು ನಡೆದುದೆಲ್ಲವನ್ನೂ ಬಿಟ್ಟಿದ್ದಾನೆ. ಮೆಣಸಿನ ಬಳ್ಳಿಯಿಂದ ಕಾಳು ಬಿಡಿಸಿ ಒಣಗಿಸಿದ ಕೈ, ಹೇರೆತ್ತುಗಳ ಸಾಲು, ಆಗುಂಬೆ, ಹೊಸಂಗಡಿಗಳಂಥ ಘಟ್ಟಗಳ ಕಡಿದಾದ ಇಳಿಜಾರು, ಇವೊಂದೂ ಆ ಹಾಳೆಗಳಿಗೆ ಬೇಕಾಗಲಿಲ್ಲ. ಬಸರೂರಿನಲ್ಲಿ ಪೋರ್ತುಗೀಸರ ಕೋಟೆಯಿದ್ದುದು ಹೊಳೆಯ ಕೆಳಭಾಗದಲ್ಲಿ. ಅದಕ್ಕಿಂತ ಮೇಲೆ, ಶಾಸನಗಳು ಹೇಳುವ ಸೆಟ್ಟಿಕಾರರ, ಹಂಜಮಾನದವರ ಹಳೆಯ ಪಟ್ಟಣವಿತ್ತು. ಕೋಟೆ ಕಟ್ಟಿದ್ದು 1569ರ ಅನಂತರ. ವ್ಯಾಪಾರ ಅದಕ್ಕಿಂತ ಶತಮಾನಗಳಷ್ಟು ಹಿಂದಿನದು. ಅಕ್ಕಿಯೂ ಮೆಣಸೂ ಕೋಟೆಯನ್ನು ಹುಡುಕಿಕೊಂಡು ಬರಲಿಲ್ಲ. ಕೋಟೆಯೇ ಅವನ್ನು ಹುಡುಕಿಕೊಂಡು ಬಂದಿತು.

ಆ ಚಿತ್ರಗಳು ಸಿದ್ಧವಾಗಿ ಇಪ್ಪತ್ತು ವರ್ಷ ತುಂಬುವುದರೊಳಗೆ ಕೆಳದಿಯ ಶಿವಪ್ಪನಾಯಕನ ಸೇನೆ ಘಟ್ಟವಿಳಿಯಿತು. 1652ರಿಂದ 1654ರೊಳಗೆ ಬಸರೂರು, ಗಂಗೊಳ್ಳಿ, ಹೊನ್ನಾವರಗಳು ಪೋರ್ತುಗೀಸರ ಕೈತಪ್ಪಿದವು. ಅಷ್ಟು ಜತನದಿಂದ ಅಳೆದು ಬರೆದ ಗೋಡೆಗಳು ಅವರಿಗೆ ಕಾಗದದ ಮೇಲೆ ಮಾತ್ರ ಉಳಿದವು.

ಆ ಶಿವಪ್ಪನಾಯಕ ಬಂದರುಗಳ ಚಿತ್ರ ಬರೆಸಲಿಲ್ಲ. ಅವನ ಹೆಸರಿನಲ್ಲಿ ನಮಗೆ ಉಳಿದಿರುವುದು ‘ಶಿಸ್ತು’. ಬಗೆಬಗೆಯ ನೆಲವನ್ನು ವರ್ಷಗಟ್ಟಲೆ ಸಾಗುಮಾಡಿಸಿ, ಹುಟ್ಟುವಳಿ ನೋಡಿ ಕಂದಾಯ ಗೊತ್ತುಮಾಡಿದನೆಂದು ಪರಂಪರೆ ಹೇಳುತ್ತದೆ. ತೋಟಕ್ಕೆ ಸಾವಿರ ಅಡಕೆ ಮರಗಳ ಲೆಕ್ಕ. ಇದೂ ಒಡೆಯನ ಕಣ್ಣೇ, ಸಂದೇಹವಿಲ್ಲ. ಕಂದಾಯ ತೆತ್ತವನ ಬೆವರು ಇಲ್ಲಿಯೂ ಕಾಣಿಸದು. ಆದರೂ ಈ ಕಣ್ಣು ಕಡಲಿಗೆ ಬೆನ್ನು ಹಾಕಿ ತೋಟದ ಕಡೆ ತಿರುಗಿತ್ತು. ರೆಸೆಂದೆಯ ಹಾಳೆಯಲ್ಲಿ ಹಡಗುಂಟು, ತೋಟವಿಲ್ಲ. ಶಿಸ್ತಿನ ಕಡತದಲ್ಲಿ ತೋಟವುಂಟು, ಹಡಗಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗಲೇ ಬಂದರು ಪೂರ್ಣವಾಗುತ್ತದೆ.

ನಮ್ಮ ಕರಾವಳಿಯ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಹೊರಗಿನವರ ಚಿತ್ರಗಳಿಂದ, ಬರಹಗಳಿಂದ ಕಟ್ಟಿಕೊಂಡಿದ್ದೇವೆ. ಅದು ತಪ್ಪಲ್ಲ, ಅವರು ಬರೆಯದಿದ್ದರೆ ಎಷ್ಟೋ ಸಂಗತಿಗಳು ಅಳಿಯುತ್ತಿದ್ದವು. ಆದರೆ ಚೌಕಟ್ಟಿನೊಳಗೆ ಕಂಡುದೇ ಚರಿತ್ರೆಯೆಂದು ನಂಬಿದರೆ ಮಲೆನಾಡು ಚರಿತ್ರೆಯ ಹೊರಗೇ ಉಳಿದೀತು. ‘ಕೊಡಿಗೆ’ ಎಂಬ ಮಾತು ಶಾಸನಗಳಲ್ಲಿ ಉಂಬಳಿಯಾಗಿ ಕೊಟ್ಟ ನೆಲವನ್ನು ಸೂಚಿಸುತ್ತದೆ. ಹಿರೇಕೊಡಿಗೆಯಂಥ ಹೆಸರಿನಲ್ಲಿಯೇ ಯಾರೋ ಕೊಟ್ಟ, ಯಾರೋ ಉತ್ತ ನೆಲದ ನೆನಪು ಉಳಿದಿದೆ. ಮುಂದೆ ಹಳೆಯ ಬಂದರಿನ ಚಿತ್ರವೊಂದು ಕಣ್ಣಿಗೆ ಬಿದ್ದಾಗ, ಹಾಯಿಯನ್ನೂ ಕೊತ್ತಲವನ್ನೂ ನೋಡಿಯಾದ ಮೇಲೆ, ಹಾಳೆಯ ಮೂಡಣ ಅಂಚಿನಿಂದಾಚೆಗೂ ಒಮ್ಮೆ ದೃಷ್ಟಿ ಹಾಯಿಸೋಣ. ಆ ಹಡಗಿಗೆ ಸರಕು ಹೊರಟದ್ದು ಅಲ್ಲಿಂದ.