ತೀರದ ಲೆಕ್ಕ: ಐರ್ಲೆಂಡಿನ ಪಕ್ಷ ರಾಜಕಾರಣ ಮತ್ತು ಹಳೆಯ ಹಿಂಸೆ

2020ರ ಫೆಬ್ರುವರಿಯಲ್ಲಿ ಐರ್ಲೆಂಡ್ ಗಣರಾಜ್ಯದ ಸಾರ್ವತ್ರಿಕ ಚುನಾವಣೆ ನಡೆದಾಗ ಶಿನ್ ಫೇನ್ ಪಕ್ಷಕ್ಕೆ ಶೇ. 24.5ರಷ್ಟು ಮೊದಲ ಪ್ರಾಶಸ್ತ್ಯದ ಮತಗಳು ಬಂದವು. ಬೇರೆ ಯಾವ ಪಕ್ಷಕ್ಕೂ ಅಷ್ಟು ಬರಲಿಲ್ಲ. ಆದರೆ ನಾಲ್ಕು ತಿಂಗಳ ಚೌಕಾಸಿಯ ನಂತರ ಸರ್ಕಾರ ರಚಿಸಿದ್ದು ಫಿಯಾನಾ ಫಾಯ್ಲ್ ಮತ್ತು ಫಿನಾ ಗೇಲ್. ಜೊತೆಗೆ ಹಸಿರು ಪಕ್ಷ. 1922–23ರ ಅಂತರ್ಯುದ್ಧದಲ್ಲಿ ಎದುರುಬದುರು ನಿಂತು ಗುಂಡು ಹಾರಿಸಿದ್ದ ಬಣಗಳ ವಾರಸುದಾರರು ಅಲ್ಲಿಯವರೆಗೆ ಒಂದೇ ಸಂಪುಟದಲ್ಲಿ ಕೂತಿರಲಿಲ್ಲ. ಶಿನ್ ಫೇನ್ ಪಕ್ಷವನ್ನು ಹೊರಗಿಡಲು ಅವರು ಕೊಟ್ಟ ಕಾರಣಗಳಲ್ಲಿ ಆರ್ಥಿಕ ನೀತಿಯ ಭಿನ್ನಾಭಿಪ್ರಾಯವೂ ಇತ್ತು, ಐಆರ್‌ಎ ಎಂಬ ಸಶಸ್ತ್ರ ಸಂಘಟನೆಯ ಜೊತೆ ಆ ಪಕ್ಷಕ್ಕಿದ್ದ ನಂಟೂ ಇತ್ತು. ಎರಡನೆಯದನ್ನು ಕೇಳಿದ ಯುವ ಮತದಾರರು ಮನೆ ಬಾಡಿಗೆ ಮತ್ತು ಆಸ್ಪತ್ರೆಗಳ ಸ್ಥಿತಿ ನೋಡಿ ಮತ ಹಾಕಿದ್ದರು. ಅವರಲ್ಲಿ ಅನೇಕರಿಗೆ ಉತ್ತರ ಐರ್ಲೆಂಡಿನ ಸಂಘರ್ಷ ಮುಗಿಸಿದ 1998ರ ಶಾಂತಿ ಒಪ್ಪಂದವೇ ಪಠ್ಯಪುಸ್ತಕದ ಸಂಗತಿ.

ಹಿಂಸೆಯ ದಾರಿಯಲ್ಲಿ ಬಂದು ಮತಪೆಟ್ಟಿಗೆ ಸೇರಿದ ಪಕ್ಷ ಶಿನ್ ಫೇನ್ ಒಂದೇ ಅಲ್ಲ. ಐರ್ಲೆಂಡಿನ ಎರಡು ಹಳೆಯ ಪಕ್ಷಗಳೂ ಹಾಗೆಯೇ ಬಂದವು. ಅವು ತಮ್ಮ ಭೂತಕಾಲವನ್ನು ಲೆಕ್ಕ ಒಪ್ಪಿಸಿ ದಾಟಲಿಲ್ಲ, ಮಾತಾಡದೆ ದಾಟಿದವು. ಆ ಮೌನದ ಬೆಲೆಯನ್ನು ಸತ್ತವರ ಮನೆಯವರು ತೆತ್ತರು. ಅದೇ ದಾರಿ ಈಗ ಶಿನ್ ಫೇನ್‌ಗೂ ತೆರೆದಿರಬೇಕೆ ಎಂಬ ಪ್ರಶ್ನೆಗೆ ಇತಿಹಾಸದ ಸಮಾನತೆಯನ್ನು ಮುಂದಿಟ್ಟು ಉತ್ತರ ಹೇಳಲಾಗದು ಎಂಬುದು ಈ ಲೇಖನದ ವಾದ.

ಮೊದಲು ಹಳೆಯ ಕಥೆ. 1921ರ ಡಿಸೆಂಬರ್‌ನಲ್ಲಿ ಬ್ರಿಟನ್ ಜೊತೆ ಆದ ಒಪ್ಪಂದವನ್ನು ಡಬ್ಲಿನ್ನಿನ ಸಂಸತ್ತು ಮರುತಿಂಗಳು 64–57 ಮತಗಳಿಂದ ಅಂಗೀಕರಿಸಿತು. ಸೋತವರು ಒಪ್ಪಲಿಲ್ಲ. ಜೂನ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. ರೋರಿ ಓ'ಕಾನರ್ ಒಪ್ಪಂದ ವಿರೋಧಿ ಬಣದ ಮುಂದಾಳು. ಕೆವಿನ್ ಓ'ಹಿಗಿನ್ಸ್ ಒಪ್ಪಂದದ ಪರವಿದ್ದ ಹೊಸ ಸರ್ಕಾರದ ಮಂತ್ರಿ; ಫಿನಾ ಗೇಲ್ ಈ ಬಣದ ವಾರಸು. 1921ರ ಅಕ್ಟೋಬರ್‌ನಲ್ಲಿ ಓ'ಹಿಗಿನ್ಸ್ ಮದುವೆಯಾದಾಗ ವರನ ಪಕ್ಕ ನಿಂತು ಮದುವೆ ನಡೆಸಿಕೊಟ್ಟ ಗೆಳೆಯ ಇದೇ ಓ'ಕಾನರ್. ಹದಿನಾಲ್ಕು ತಿಂಗಳಲ್ಲಿ, 1922ರ ಡಿಸೆಂಬರ್ 8ರ ಬೆಳಿಗ್ಗೆ, ವಿಚಾರಣೆಯೇ ಇಲ್ಲದೆ ಓ'ಕಾನರ್ ಮತ್ತು ಇನ್ನು ಮೂವರನ್ನು ಸರ್ಕಾರ ಗುಂಡಿಟ್ಟು ಕೊಂದಿತು. ಹಿಂದಿನ ದಿನ ಸಂಸತ್ ಸದಸ್ಯರೊಬ್ಬರ ಹತ್ಯೆಯಾಗಿತ್ತು. ಅದಕ್ಕೆ ಇದು ಪ್ರತೀಕಾರ. ಆ ತೀರ್ಮಾನ ಕೈಗೊಂಡ ಸಂಪುಟದಲ್ಲಿ ಓ'ಹಿಗಿನ್ಸ್ ಇದ್ದರು. 1927ರ ಜುಲೈ 10ರಂದು ಪೂಜೆಗೆಂದು ಚರ್ಚಿನ ದಾರಿ ಹಿಡಿದಿದ್ದ ಓ'ಹಿಗಿನ್ಸ್ ಅವರನ್ನು ಐಆರ್‌ಎ ಸದಸ್ಯರು ಬೀದಿಯಲ್ಲೇ ಕೊಂದರು.

ಈ ಕೊಲೆಯ ಪರಿಣಾಮವನ್ನು ಗಮನಿಸಬೇಕು. ಚುನಾವಣೆಯಲ್ಲಿ ಗೆದ್ದವರೆಲ್ಲ ಸಂಸತ್ತಿನಲ್ಲಿ ಪ್ರಮಾಣವಚನ ಸ್ವೀಕರಿಸಲೇಬೇಕೆಂದು ಸರ್ಕಾರ ಕಾನೂನು ಬಿಗಿಮಾಡಿತು. ಬ್ರಿಟಿಷ್ ದೊರೆಗೆ ನಿಷ್ಠೆ ಹೇಳುವ ಆ ಪ್ರಮಾಣವನ್ನು ಧಿಕ್ಕರಿಸಿ ಹೊರಗುಳಿದಿದ್ದ ಒಪ್ಪಂದ ವಿರೋಧಿ ನಾಯಕ ಎಮನ್ ಡಿ ವಲೇರಾ, ಅದು ಬರಿಯ ಔಪಚಾರಿಕತೆ ಎಂದು ಸಾರಿ, ಬೈಬಲ್ಲನ್ನು ಬದಿಗೆ ಸರಿಸಿ, ಪುಸ್ತಕದಲ್ಲಿ ಸಹಿ ಹಾಕಿ ಆಗಸ್ಟ್‌ನಲ್ಲಿ ತಮ್ಮ ಫಿಯಾನಾ ಫಾಯ್ಲ್ ಪಕ್ಷವನ್ನು ಸದನದೊಳಗೆ ಕರೆತಂದರು. ಐದು ವರ್ಷ ತುಂಬುವ ಮೊದಲೇ, 1932ರಲ್ಲಿ, ಅವರೇ ಸರ್ಕಾರದ ಮುಖ್ಯಸ್ಥರು. ಅಂತರ್ಯುದ್ಧದಲ್ಲಿ ಗೆದ್ದವರು ಸೋತವರಿಗೆ ಅಧಿಕಾರವನ್ನು ಶಾಂತಿಯಿಂದ ಬಿಟ್ಟುಕೊಟ್ಟದ್ದನ್ನು ಐರಿಷ್ ಪ್ರಜಾಪ್ರಭುತ್ವದ ಹಿರಿಮೆ ಎಂದು ಇತಿಹಾಸಕಾರರು ಕೊಂಡಾಡುತ್ತಾರೆ. ಅದು ನಿಜವಾದ ಹಿರಿಮೆಯೇ. ಆದರೆ ಅಧಿಕಾರ ಹಸ್ತಾಂತರಕ್ಕೆ ಮುನ್ನ ಇನ್ನೊಂದು ಕೆಲಸವೂ ನಡೆಯಿತು: ಹೊರಹೋಗುತ್ತಿದ್ದ ರಕ್ಷಣಾ ಮಂತ್ರಿ ಡೆಸ್ಮಂಡ್ ಫಿಟ್ಸ್‌ಜೆರಾಲ್ಡ್ ಅವರ ಆದೇಶದಂತೆ ಅಂತರ್ಯುದ್ಧ ಕಾಲದ ಮರಣದಂಡನೆ ಮತ್ತು ಗುಪ್ತಚರ್ಯೆಯ ಕಡತಗಳನ್ನು ಸುಟ್ಟುಹಾಕಲಾಯಿತು.

ಕಡತ ಸುಟ್ಟರೂ ಮನುಷ್ಯರು ಉಳಿದಿದ್ದರು. 1923ರ ಮಾರ್ಚ್ 7ರ ನಸುಕಿನಲ್ಲಿ ಕೆರಿ ಜಿಲ್ಲೆಯ ಬ್ಯಾಲಿಸೀಡಿಯಲ್ಲಿ ಸರ್ಕಾರಿ ಸೈನಿಕರು ಒಂಬತ್ತು ಕೈದಿಗಳನ್ನು ನೆಲಬಾಂಬಿನ ಸುತ್ತ ಕಟ್ಟಿ ಸಿಡಿಸಿದರು. ಹಿಂದಿನ ದಿನವಷ್ಟೇ ಎದುರು ಬಣದ ಬಾಂಬಿಗೆ ಐವರು ಸೈನಿಕರು ಬಲಿಯಾಗಿದ್ದರು. ಕೈದಿಗಳು ದಾರಿಯ ಅಡೆತಡೆ ತೆರವು ಮಾಡುವಾಗ ವಿರೋಧಿಗಳದೇ ಬಾಂಬು ಸಿಡಿದು ಸತ್ತರೆಂದು ಸೇನೆ ಹೇಳಿತು. ಸೇನೆಯದೇ ವಿಚಾರಣೆ ಅದನ್ನು ಎತ್ತಿಹಿಡಿಯಿತು. ಆದರೆ ಸ್ಫೋಟದ ರಭಸಕ್ಕೆ ಸ್ಟೀಫನ್ ಫುಲ್ಲರ್ ಎಂಬವರು ದೂರ ಎಸೆಯಲ್ಪಟ್ಟು ಬದುಕಿಕೊಂಡಿದ್ದರು. ಮುಂದೆ ಅವರು ಫಿಯಾನಾ ಫಾಯ್ಲ್ ಪಕ್ಷದಿಂದ ಸಂಸತ್ತಿಗೆ ಆರಿಸಿ ಬಂದರು. ಚುನಾವಣಾ ವೇದಿಕೆಗಳಲ್ಲಿ ಬ್ಯಾಲಿಸೀಡಿಯ ಸುದ್ದಿ ಎತ್ತಿ ಮತ ಕೇಳಲಿಲ್ಲ. ಆ ದ್ವೇಷ ಮುಂದಿನ ತಲೆಮಾರಿಗೆ ದಾಟಬಾರದೆಂಬುದು ಅವರ ನಿಲುವು. ಟಿವಿ ಕ್ಯಾಮೆರಾದ ಮುಂದೆ ಕೂತು ಅವರು ನಡೆದದ್ದನ್ನು ಹೇಳಿದ್ದು 1980ರಲ್ಲಿ, ಐವತ್ತೇಳು ವರ್ಷಗಳ ನಂತರ.

ಫುಲ್ಲರ್ ಅವರ ಮೌನದಲ್ಲಿ ದೊಡ್ಡತನವಿದೆ. ಅದು ನೊಂದವನು ತಾನಾಗಿ ಆರಿಸಿಕೊಂಡ ಮೌನ. ಸರ್ಕಾರದ ಮೌನ ಹಾಗಲ್ಲ. ಅದು ತಪ್ಪು ಮಾಡಿದವರು ತಮ್ಮನ್ನು ಕಾಪಾಡಿಕೊಂಡ ಬಗೆ. ಐರಿಷ್ ರಾಜಕಾರಣ ಇವೆರಡನ್ನೂ ಒಂದೇ ಎಂಬಂತೆ ಕಂಡಿತು.

ಶಿನ್ ಫೇನ್ ಮೇಲಿನ ಆಕ್ಷೇಪಕ್ಕೆ ಹಳೆಯ ಪಕ್ಷಗಳ ತರ್ಕ ಸರಳ: ನಮ್ಮ ಹಿರಿಯರದು ಜನಾದೇಶವಿದ್ದ ಹೋರಾಟ, ಉತ್ತರ ಐರ್ಲೆಂಡಿನ ಸಂಘರ್ಷ ಕಾಲದ ಪ್ರೊವಿಷನಲ್ ಐಆರ್‌ಎಯದು ಜನಾದೇಶವಿಲ್ಲದ ಭಯೋತ್ಪಾದನೆ. 1918ರ ಚುನಾವಣೆಯಲ್ಲಿ ಅಂದಿನ ಶಿನ್ ಫೇನ್ 105ರಲ್ಲಿ 73 ಸ್ಥಾನ ಗೆದ್ದದ್ದು ಹೌದು. ಆದರೆ 1919ರ ಜನವರಿ 21ರಂದು ಸೊಲೊಹೆಡ್‌ಬೆಗ್‌ನಲ್ಲಿ ಇಬ್ಬರು ಪೊಲೀಸರನ್ನು ಕೊಂದವರು ಅದೇ ದಿನ ಮೊದಲ ಸಭೆ ಸೇರಿದ್ದ ಸಂಸತ್ತಿನ ಅನುಮತಿ ಕೇಳಿರಲಿಲ್ಲ. 1922ರಲ್ಲಿ ಡಿ ವಲೇರಾ ಬಣದ ಬೆನ್ನಿಗೆ ಸಂಸತ್ತಿನ ಬಹುಮತವೂ ಇರಲಿಲ್ಲ, ಜೂನ್ ಚುನಾವಣೆಯ ಬಹುಮತವೂ ಇರಲಿಲ್ಲ. ಜನಾದೇಶವನ್ನೇ ಅಳತೆಗೋಲು ಮಾಡಿಕೊಂಡರೆ ಮೊದಲು ಮುಗ್ಗರಿಸುವುದು ಫಿಯಾನಾ ಫಾಯ್ಲ್.

ಇಷ್ಟು ಹೇಳಿದ ಮಾತ್ರಕ್ಕೆ ಶಿನ್ ಫೇನ್ ಲೆಕ್ಕ ಚುಕ್ತಾ ಆಗುವುದಿಲ್ಲ. ಉತ್ತರ ಐರ್ಲೆಂಡಿನ ಆ ಮೂರು ದಶಕಗಳ ಸಂಘರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 1,700 ಮಂದಿಯನ್ನು ಕೊಂದದ್ದು ಪ್ರೊವಿಷನಲ್ ಐಆರ್‌ಎ. ಬೇರೆ ಯಾವ ಸಂಘಟನೆಯೂ ಅಷ್ಟು ಜನರನ್ನು ಕೊಂದಿಲ್ಲ. ಸತ್ತವರ ಮಕ್ಕಳು ಇನ್ನೂ ಬದುಕಿದ್ದಾರೆ, ಪ್ರಶ್ನೆ ಕೇಳುತ್ತಿದ್ದಾರೆ. 2011ರಲ್ಲಿ ಶಿನ್ ಫೇನ್ ನಾಯಕ ಮಾರ್ಟಿನ್ ಮೆಗಿನೆಸ್ ಐರ್ಲೆಂಡಿನ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಆತ್‌ಲೋನ್ ಊರಿನ ಶಾಪಿಂಗ್ ಸೆಂಟರ್‌ನಲ್ಲಿ ಮತ ಕೇಳುತ್ತಿದ್ದಾಗ ಒಬ್ಬರು ತಂದೆಯ ಫೋಟೊ ಹಿಡಿದು ಎದುರು ಬಂದರು. ತಂದೆ ಐರಿಷ್ ಸೇನೆಯ ಸಿಪಾಯಿ. 1983ರಲ್ಲಿ, ಐಆರ್‌ಎ ಅಪಹರಿಸಿದ್ದ ಉದ್ಯಮಿಯನ್ನು ಬಿಡಿಸುವ ಕಾರ್ಯಾಚರಣೆಯಲ್ಲಿ, ಬ್ಯಾಲಿನಮೋರ್ ಬಳಿಯ ಕಾಡಿನಲ್ಲಿ ಗುಂಡಿಗೆ ಬಲಿಯಾಗಿದ್ದರು. ಕೊಂದವರ ಹೆಸರು ಹೇಳಿ ಎಂದು ಮಗ ಕೇಳಿದರು. ತಮಗೆ ಗೊತ್ತಿಲ್ಲವೆಂದರು ಮೆಗಿನೆಸ್. ಆ ಕೊಲೆಗೆ ಇಂದಿಗೂ ಯಾರಿಗೂ ಶಿಕ್ಷೆಯಾಗಿಲ್ಲ. ಮೆಗಿನೆಸ್ ತಮ್ಮ ಐಆರ್‌ಎ ಸದಸ್ಯತ್ವವನ್ನಾದರೂ ಒಪ್ಪಿಕೊಂಡಿದ್ದವರು. 1983ರಿಂದ 2018ರವರೆಗೆ ಪಕ್ಷ ಮುನ್ನಡೆಸಿದ ಜೆರಿ ಆಡಮ್ಸ್ ತಾವೆಂದೂ ಸದಸ್ಯರಾಗಿರಲಿಲ್ಲ ಎಂದೇ ಹೇಳುತ್ತ ಬಂದಿದ್ದಾರೆ.

ರಾಜ್ಯಗಳ ಕೈಯೂ ಶುದ್ಧವಾಗಿಲ್ಲ. 1972ರ ಜನವರಿ 30ರಂದು ಡೆರ್‍ರಿಯಲ್ಲಿ ನಿರಾಯುಧ ಮೆರವಣಿಗೆಗಾರರನ್ನು ಬ್ರಿಟಿಷ್ ಸೈನಿಕರು ಕೊಂದದ್ದು ಸಮರ್ಥಿಸಲಾಗದ್ದೆಂದು ಬ್ರಿಟಿಷ್ ಪ್ರಧಾನಿ ಒಪ್ಪಿದ್ದು 2010ರಲ್ಲಿ. 1974ರ ಮೇ 17ರ ಡಬ್ಲಿನ್–ಮೊನಹನ್ ಬಾಂಬ್ ಸ್ಫೋಟಗಳಲ್ಲಿ 33 ಜನ ಸತ್ತರು, ಒಬ್ಬರಿಗೂ ಶಿಕ್ಷೆಯಾಗಿಲ್ಲ. ಈ ಸ್ಫೋಟಗಳ ಕುರಿತ ತನ್ನ ಕಡತಗಳನ್ನು ಬ್ರಿಟನ್ ತೋರಿಸಬೇಕೆಂದು ಐರಿಷ್ ಸಂಸತ್ತು 2008, 2011 ಮತ್ತು 2016ರಲ್ಲಿ ಸರ್ವಾನುಮತದ ನಿರ್ಣಯ ಮಾಡಿತು. ಆದರೆ ಸ್ಫೋಟಗಳ ತನಿಖೆಯನ್ನು ಅಂದು ಕೆಲವೇ ತಿಂಗಳಲ್ಲಿ ಕೈಬಿಟ್ಟದ್ದು ಐರ್ಲೆಂಡಿನದೇ ಪೊಲೀಸ್ ಇಲಾಖೆ. ಲಂಡನ್ನಿನ ಕಡತ ಕೇಳುವಷ್ಟೇ ಗಟ್ಟಿಯಾಗಿ ಡಬ್ಲಿನ್ ತನ್ನ ಲೋಪಕ್ಕೂ ಉತ್ತರ ಹೇಳಬೇಕಿತ್ತು.

ಹಾಗಾದರೆ ದಾರಿಯೇ ಇಲ್ಲವೇ? ಒಂದು ಸಣ್ಣ ಮಾದರಿ ಇದೆ. ಐಆರ್‌ಎ ಮತ್ತಿತರರು ಕೊಂದು ಗುಟ್ಟಾಗಿ ಹೂತ 'ಕಣ್ಮರೆಯಾದವರ' ಶೋಧಕ್ಕಾಗಿ 1999ರಲ್ಲಿ ಎರಡೂ ಸರ್ಕಾರಗಳು ಸೇರಿ ಒಂದು ಆಯೋಗ ರಚಿಸಿದವು. ಅದಕ್ಕೆ ಕೊಟ್ಟ ಮಾಹಿತಿಯನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಜೌಗು ನೆಲದಲ್ಲಿ ವರ್ಷಗಟ್ಟಲೆ ಅಗೆದು, ಆಗಾಗ ಬರಿಗೈಲಿ ಮರಳಿ, ಮತ್ತೆ ಅಗೆದು, ಆಯೋಗ ಅನೇಕರ ಅಸ್ಥಿಗಳನ್ನು ಮನೆಗೆ ತಲುಪಿಸಿದೆ. ಕೆಲವರು ಇನ್ನೂ ಸಿಕ್ಕಿಲ್ಲ. ಶಿಕ್ಷೆ ಕೊಡಿಸಲಾಗದ ಕಡೆ ಸತ್ಯವನ್ನಾದರೂ ಹೊರತರಬಹುದೆಂಬುದನ್ನು ಇದು ತೋರಿಸಿತು. ಇದು ಕ್ಷಮಾದಾನವಲ್ಲ, ಬೇರೆ ಸಾಕ್ಷ್ಯ ಸಿಕ್ಕರೆ ಮೊಕದ್ದಮೆ ಹೂಡುವ ಅಧಿಕಾರ ಹಾಗೇ ಉಳಿದಿದೆ. ಬ್ರಿಟನ್ನಿನ 2023ರ ಕಾಯ್ದೆ ಇದಕ್ಕೆ ತದ್ವಿರುದ್ಧವಾಗಿ ಷರತ್ತಿನ ರಕ್ಷೆ ನೀಡಿ ಮೊಕದ್ದಮೆಗಳ ಬಾಗಿಲು ಮುಚ್ಚಲು ಹೊರಟಿತು. ಐರ್ಲೆಂಡ್ ಅದರ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು.

2025ರ ಸೆಪ್ಟೆಂಬರ್‌ನಲ್ಲಿ ಎರಡೂ ಸರ್ಕಾರಗಳು ಇದೇ ವಿಷಯಕ್ಕೆ ಹೊಸ ಜಂಟಿ ಚೌಕಟ್ಟನ್ನು ಪ್ರಕಟಿಸಿದವು. ಮಾಹಿತಿ ಸಂಗ್ರಹಕ್ಕೆ ಪ್ರತ್ಯೇಕ ಸಂಸ್ಥೆಯೊಂದರ ಆಲೋಚನೆ ಅದರಲ್ಲೂ ಇದೆ. ಆದರೆ ಅಂಥ ಸಂಸ್ಥೆಗೆ ಮಾಹಿತಿ ಕೊಡಬಲ್ಲವರು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನವರು. ಅವರಲ್ಲಿ ಹೆಚ್ಚಿನವರು ಸರ್ಕಾರದ ಮನವಿಗಿಂತ ತಮ್ಮ ಹಳೆಯ ಒಡನಾಡಿಗಳ ಮಾತಿಗೆ ಬೆಲೆ ಕೊಡುವವರು. ಶಿನ್ ಫೇನ್ ನಾಯಕಿ ಮೇರಿ ಲೂ ಮೆಕ್‌ಡೊನಾಲ್ಡ್ ಐಆರ್‌ಎ ತಲೆಮಾರಿಗೆ ಸೇರಿದವರಲ್ಲ; ಹಾಗಾಗಿಯೇ, ಗೊತ್ತಿದ್ದದ್ದನ್ನು ಹೋಗಿ ಹೇಳಿ ಎಂದು ಆ ವೃದ್ಧರಿಗೆ ಬಹಿರಂಗವಾಗಿ, ಮತ್ತೆ ಮತ್ತೆ ಕರೆಕೊಡಲು ಅವರಿಗೆ ಹೆಚ್ಚಿನ ಅವಕಾಶವಿದೆ. ಐರ್ಲೆಂಡಿನ ಪ್ರಧಾನಿ ಮೀಹಾಲ್ ಮಾರ್ಟಿನ್ ಸ್ವತಃ ಇತಿಹಾಸದ ವಿದ್ಯಾರ್ಥಿ. ಚುನಾವಣೆ ಬಂದಾಗ ಮಾತ್ರ ಐಆರ್‌ಎ ಬಲಿಪಶುಗಳನ್ನು ನೆನೆಯುವುದನ್ನು ಬಿಟ್ಟು, 1974ರ ತನಿಖೆ ಯಾಕೆ ನಿಂತಿತೆಂಬ ಕಡತಗಳನ್ನು ಡಬ್ಲಿನ್ನಿನಲ್ಲೇ ತೆರೆದಿಟ್ಟರೆ, ಲಂಡನ್ನಿನಿಂದಲೂ ಬೆಲ್‌ಫಾಸ್ಟಿನಿಂದಲೂ ಅದನ್ನೇ ಕೇಳುವ ನೈತಿಕ ಬಲ ಅವರ ಸರ್ಕಾರಕ್ಕೆ ಬರುತ್ತದೆ.