ಜಾಲಿ ಪೊದೆಯಲ್ಲಿ ಹಳೇ ಲಾರಿ ಸಿಕ್ಕಿತೇ? ‘ಕೋಟಿ ಬೆಲೆ’ ಎಂದು ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

ಪೊದೆಯೊಳಗೆ ತುಕ್ಕು ಹಿಡಿದು ನಿಂತ ಲಾರಿಯ ಫೋಟೊ. ಕೆಳಗೆ ಒಂದು ಬರಹ: ‘ಎರಡನೇ ಮಹಾಯುದ್ಧದ ಮಿಲಿಟರಿ ಲಾರಿ ಪತ್ತೆ, ಬೆಲೆ ಕೋಟಿ ರೂಪಾಯಿ, ಎಲ್ಲರಿಗೂ ಶೇರ್ ಮಾಡಿ.’ ಇಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ನಂಬಬೇಕೇ? ಲಾರಿಯೇ ತನ್ನ ಗುರುತನ್ನು ಹೇಳುತ್ತದೆ. ಎಲ್ಲಿ ನೋಡಬೇಕು ಎಂದು ಗೊತ್ತಿದ್ದರೆ ಸಾಕು.

ಪೊದೆ, ತುಕ್ಕು ನೋಡಿ ವಯಸ್ಸು ಹೇಳಬಹುದೇ?

ಹೇಳಲಾಗದು. ರೋಣ, ಗಜೇಂದ್ರಗಡ, ನರಗುಂದದ ಕಡೆ ಕಾಡು ಎಂದರೆ ಗುಡ್ಡದ ಕುರುಚಲು ಮತ್ತು ಹಳ್ಳದ ದಂಡೆಯ ಬಳ್ಳಾರಿ ಜಾಲಿ. ಈ ಜಾಲಿ ಬಹಳ ಬೇಗ ಹಬ್ಬುತ್ತದೆ. ಕೆಟ್ಟು ನಿಂತ ಗಾಡಿಯನ್ನು ಕೆಲವೇ ವರ್ಷಗಳಲ್ಲಿ ಮುಚ್ಚಿಬಿಡುತ್ತದೆ. ತುಕ್ಕು ಹಿಡಿಯುವುದು ತೇವ, ಬಣ್ಣ ಮತ್ತು ಮಣ್ಣಿನ ಮೇಲೆ ಅವಲಂಬಿಸಿದೆ. ಇಪ್ಪತ್ತು ವರ್ಷದ ಲಾರಿಯೂ ಎಂಬತ್ತು ವರ್ಷದ್ದರಂತೆ ಕಾಣಬಹುದು.

ಕ್ಯಾಬಿನ್ ನೋಡಿ ಮೋಸ ಹೋಗಬೇಡಿ

ನಮ್ಮ ದೇಶದಲ್ಲಿ ಬಹಳ ಕಾಲ ಕಂಪನಿಯಿಂದ ಬರುತ್ತಿದ್ದುದು ಚಾಸಿಸ್, ಎಂಜಿನ್ ಮತ್ತು ಮುಂಭಾಗ ಮಾತ್ರ. ಕ್ಯಾಬಿನ್ ಮತ್ತು ಬಾಡಿಯನ್ನು ಸ್ಥಳೀಯ ಗ್ಯಾರೇಜಿನವರು ಮರ, ತಗಡಿನಿಂದ ಕಟ್ಟುತ್ತಿದ್ದರು. ಆದ್ದರಿಂದ ಒಂದೇ ಕಂಪನಿಯ ಎರಡು ಲಾರಿಗಳು ಬೇರೆ ಬೇರೆ ಕಾಣಬಹುದು. ಟೈರ್ ಕೂಡ ಸಾಕ್ಷಿಯಲ್ಲ, ಅದನ್ನು ಎಷ್ಟೋ ಸಲ ಬದಲಿಸಿರುತ್ತಾರೆ.

ಮುಂಭಾಗದ ಗುರುತು ಏನು ಹೇಳುತ್ತದೆ?

ವೃತ್ತದೊಳಗೆ ಮೂರು ಮೊನೆಯ ನಕ್ಷತ್ರ ಇದ್ದರೆ ಅದು ಟಾಟಾ ಮರ್ಸಿಡಿಸ್ ಬೆಂಝ್. ಟಾಟಾ ಕಂಪನಿ ಜರ್ಮನಿಯ ಡೈಮ್ಲರ್ ಬೆಂಝ್ ಜೊತೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಒಪ್ಪಂದ 1969ರಲ್ಲಿ ಮುಗಿಯಿತು. ಆಮೇಲೆ ನಕ್ಷತ್ರದ ಜಾಗಕ್ಕೆ ಇಂಗ್ಲಿಷಿನ ‘ಟಿ’ ಅಕ್ಷರ ಬಂತು.

ಡಾಜ್ ಅಥವಾ ಫಾರ್ಗೋ ಎಂದಿದ್ದರೆ ಅದು ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯದಾಗಿರಬಹುದು. ಬೆಡ್‌ಫೋರ್ಡ್ ಎಂದಿದ್ದರೆ ಹಿಂದುಸ್ತಾನ್ ಮೋಟಾರ್ಸ್ ತಯಾರಿಸಿದ್ದಿರಬಹುದು. ಲೇಲ್ಯಾಂಡ್ ಕಾಮೆಟ್ ಆದರೆ ಮದ್ರಾಸಿನದು. 1948ರಲ್ಲಿ ಅಶೋಕ್ ಮೋಟಾರ್ಸ್ ಆಗಿ ಶುರುವಾದ ಆ ಕಂಪನಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು.

ಹಸಿರು ಬಣ್ಣವಿದ್ದರೆ ಯುದ್ಧದ ಲಾರಿಯೇ?

ಹಾಗೇನಿಲ್ಲ. ಜಬಲ್‌ಪುರದಲ್ಲಿ ಜರ್ಮನಿಯ ಮ್ಯಾನ್ ಕಂಪನಿಯ ತಂತ್ರಜ್ಞಾನದಿಂದ ತಯಾರಾದ ‘ಶಕ್ತಿಮಾನ್’ ಸೇನಾ ಲಾರಿ ಸ್ವಾತಂತ್ರ್ಯಾನಂತರದ್ದು. ಮಹಾಯುದ್ಧ ಮುಗಿದ ಮೇಲೆ ಸೇನೆಯ ಷೆವರ್ಲೆ, ಫೋರ್ಡ್ ಲಾರಿಗಳೂ ಸಾರ್ವಜನಿಕರಿಗೆ ಮಾರಾಟವಾದವು, ನಿಜ. ಕೆನಡಾದಲ್ಲಿ ತಯಾರಾದ ಯುದ್ಧದ ಲಾರಿಗಳಿಗೆ ಮೊಂಡು ಮೂಗು ಇರುತ್ತಿತ್ತು, ಹಲವು ಮಾದರಿಗಳಲ್ಲಿ ಮುಂಗಾಜು ಕೆಳಮುಖವಾಗಿ ಒಳಕ್ಕೆ ವಾಲಿರುತ್ತಿತ್ತು. ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು, ಈ ಆಕಾರವನ್ನು ಸುಲಭವಾಗಿ ತರಲಾಗದು.

ನಂಬರುಗಳನ್ನು ಓದುವುದು ಹೇಗೆ?

ನಂಬರ್ ಪ್ಲೇಟಿನಲ್ಲಿ ‘ಕೆಎ’ ಎಂದಿದ್ದರೆ ಆ ನಂಬರು 1989ಕ್ಕಿಂತ ಹಿಂದಿನದಲ್ಲ. ಕೆಎ-26 ಗದಗದ ಸಂಖ್ಯೆ. ‘ಎಂವೈ’, ‘ಎಂಇ’, ‘ಸಿಎ’ ಎಂದು ಶುರುವಾಗುವ ನಂಬರುಗಳು ಅದಕ್ಕೂ ಹಳೆಯವು. ಇನ್ನೊಂದು ಮಾತು ನೆನಪಿಡಿ: 1956ರ ನವೆಂಬರ್ 1ರವರೆಗೆ ರೋಣ ಭಾಗ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಅದಕ್ಕೂ ಮೊದಲು ಇಲ್ಲೇ ನೋಂದಣಿಯಾದ ಲಾರಿಗೆ ಮುಂಬಯಿಯ ನಂಬರೇ ಇರಬೇಕು.

ಪ್ಲೇಟ್ ಇಲ್ಲದಿದ್ದರೆ ಚಾಸಿಸ್ ನಂಬರ್ ಹುಡುಕಿ. ಸಾಮಾನ್ಯವಾಗಿ ಮುಂದಿನ ಗಾಲಿಯ ಹತ್ತಿರ, ಚಾಸಿಸ್ ಪಟ್ಟಿಯ ಮೇಲೆ ಅಚ್ಚೊತ್ತಿರುತ್ತಾರೆ. ಅದರಲ್ಲಿ ಒಟ್ಟು 17 ಅಂಕಿ-ಅಕ್ಷರಗಳಿದ್ದರೆ ಆ ಲಾರಿ ಯುದ್ಧಕಾಲದ್ದಾಗಿರಲು ಸಾಧ್ಯವೇ ಇಲ್ಲ. ಆ ಪದ್ಧತಿ ಬಂದದ್ದೇ ಎಷ್ಟೋ ವರ್ಷಗಳ ನಂತರ.

ಮೆಕ್ಯಾನಿಕ್‌ಗಳ ಉಪಾಯವೊಂದಿದೆ. ನಟ್ಟು ಬೋಲ್ಟಿಗೆ ಮಿಲಿಮೀಟರ್ ಪಾನಾ ಸರಿಯಾಗಿ ಕೂತರೆ ಬೆಂಝ್ ಮೂಲದ ಲಾರಿ ಇರಬಹುದು. ಇಂಚಿನ ಪಾನಾ ಕೂತರೆ ಇಂಗ್ಲೆಂಡ್ ಅಥವಾ ಅಮೆರಿಕ ಮೂಲದ್ದು. ಎಂಜಿನ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಪೆಟ್ರೋಲ್ ಎಂಜಿನ್ ತೆಗೆದು ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿದ ಲಾರಿಗಳು ಬೇಕಾದಷ್ಟಿದ್ದವು.

ಕೋಟಿ ರೂಪಾಯಿ ಬೆಲೆ ನಿಜವೇ?

50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದಿತು. ಅದು ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಸರಕು ಲಾರಿ ಅದರಲ್ಲಿ ಬರುವುದಿಲ್ಲ. ಸಂಗ್ರಾಹಕರು ಹಳೆಯ ಲಾರಿ ಕೊಳ್ಳುವುದುಂಟು, ಆದರೆ ಅವರು ಕೇಳುವುದು ಮೂಲ ಭಾಗಗಳು ಮತ್ತು ಸರಿಯಾದ ಕಾಗದಪತ್ರ. ಎರಡೂ ಇಲ್ಲದಿದ್ದರೆ ಅದು ಗುಜರಿ ಕಬ್ಬಿಣ, ಬೆಲೆ ತೂಕದ ಲೆಕ್ಕ.

ಹಳೆಯ ಯಂತ್ರಗಳಲ್ಲಿ ‘ಕೆಂಪು ಪಾದರಸ’ ಇದೆ ಎಂಬ ಸುದ್ದಿಯೂ ಸುಳ್ಳು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಗಾಳಿಮಾತು ನಂಬಿ ಜನ ಹಳೆಯ ಹೊಲಿಗೆ ಯಂತ್ರಗಳಿಗೆ ಮುಗಿಬಿದ್ದಿದ್ದರು. ಕೊನೆಗೆ ಯಂತ್ರದಲ್ಲಿ ಏನೂ ಇರಲಿಲ್ಲ.

ಮುಟ್ಟುವ ಮೊದಲು ಎಚ್ಚರ

ಇಂಧನ ಟ್ಯಾಂಕಿಗೆ ಗ್ಯಾಸ್ ಕಟರ್ ಹಚ್ಚಲೇಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಕಿಡಿ ತಗುಲಿದರೆ ಸ್ಫೋಟಿಸುತ್ತದೆ, ಪ್ರಾಣ ಹೋಗುತ್ತದೆ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಸೀಟಿನಡಿ ಕೊಳಕುಮಂಡಲ, ಕ್ಯಾಬಿನ್ನಿನಲ್ಲಿ ಜೇನುಗೂಡು ಇರಬಹುದು. ಕೈ ಹಾಕುವ ಮೊದಲು ಕೋಲಿನಿಂದ ಸದ್ದು ಮಾಡಿ, ದೂರದಿಂದಲೇ ನೋಡಿ.

ಪೊದೆಯಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಲಾರಿ ನಮ್ಮದಾಗುವುದಿಲ್ಲ. ಅದಕ್ಕೆ ಮಾಲೀಕರಿರಬಹುದು, ಅದು ಕಳವಿನ ಗಾಡಿಯೂ ಇರಬಹುದು. ಪೊಲೀಸರಿಗೆ ತಿಳಿಸಿ. ಅರಣ್ಯ ಇಲಾಖೆಯ ಜಾಗವಾದರೆ ಅವರಿಗೂ ಹೇಳಿ. ಬಿಚ್ಚಿ ಮಾರಿದರೆ ಕೇಸು ನಿಮ್ಮ ಮೇಲೆ ಬೀಳಬಹುದು.

ಹಾಗಾದರೆ ಏನು ಮಾಡಬೇಕು?

ಮುಂಭಾಗ, ನಂಬರ್ ಪ್ಲೇಟ್, ಚಾಸಿಸ್ ನಂಬರ್ ಮತ್ತು ಎಂಜಿನ್ನಿನ ಫೋಟೊ ತೆಗೆಯಿರಿ. ಚಾಸಿಸ್ ನಂಬರನ್ನು ಗ್ರೂಪಿಗೆ ಹಾಕಬೇಡಿ, ವಂಚಕರು ಅದನ್ನು ಬಳಸಬಹುದು. ಆಮೇಲೆ ಊರಿನ ಹಿರಿಯ ಡ್ರೈವರ್ ಅಥವಾ ಮೆಕ್ಯಾನಿಕ್‌ಗೆ ಫೋಟೊ ತೋರಿಸಿ. ಇದು ಲಾರಿಗಳನ್ನು ಬಲ್ಲ ಸೀಮೆ. ವಿಜಯ ಸಂಕೇಶ್ವರ ಅವರ ವಿಆರ್‌ಎಲ್ 1976ರಲ್ಲಿ ಒಂದೇ ಲಾರಿಯೊಂದಿಗೆ ಶುರುವಾದದ್ದು ಇದೇ ಗದಗದಲ್ಲಿ. ಹತ್ತಿ, ಶೇಂಗಾ ಹೇರಿಕೊಂಡು ಗದಗ, ಹುಬ್ಬಳ್ಳಿಗೆ ಹೋಗಿ ಬಂದ ಹಿರಿಯರು ‘ಇದು ಇಂಥವರ ಗಾಡಿ, ಇಂಥ ವರ್ಷ ಕೆಟ್ಟು ನಿಂತಿತು’ ಎಂದು ಒಂದೇ ನೋಟಕ್ಕೆ ಹೇಳಿಯಾರು.

ಆ ಒಂದು ಮಾತು ನೂರು ಫಾರ್ವರ್ಡ್‌ಗಿಂತ ಮೇಲು. ಶೇರ್ ಮಾಡುವುದಾದರೆ ಅದನ್ನೇ ಮಾಡಿ.