ಭಾರವಾದ ಎಲೆಕ್ಟ್ರಾನು, ಮೇಲೊಂದು ಒತ್ತಡ

ಶಹಾಪುರ ತಾಲ್ಲೂಕಿನ ಗೋಗಿ ಎಂದರೆ ಇತಿಹಾಸ ಬಲ್ಲವರಿಗೆ ಆದಿಲ್ ಶಾಹಿ ಸುಲ್ತಾನರ ಗೋರಿಗಳು ನೆನಪಾಗುತ್ತವೆ. 1990ರ ದಶಕದ ಶೋಧದಲ್ಲಿ ಅದೇ ಊರಿನ ಸುಣ್ಣಕಲ್ಲಿನಲ್ಲೂ ಅದರಡಿಯ ಗ್ರಾನೈಟಿನಲ್ಲೂ ಯುರೇನಿಯಂ ಇರುವುದು ಗೊತ್ತಾಯಿತು. ಗಣಿ ಬೇಕೇ, ಬಾವಿ ನೀರಿನ ಗತಿಯೇನು ಎಂಬ ಚರ್ಚೆಯೂ ಹಿಂದೆಯೇ ಬಂತು. ಯುರೇನಿಯಂ ಎಂದೊಡನೆ ನಮಗೆ ತೋರುವುದು ಅಣು ವಿದ್ಯುತ್ತು, ಇಲ್ಲವೆ ಬಾಂಬು. ಅವೆರಡೂ ಪರಮಾಣುವಿನ ಬೀಜಕೇಂದ್ರದ ಕಥೆ. ಸುತ್ತಲಿನ ಎಲೆಕ್ಟ್ರಾನುಗಳ ಕಥೆ ಬೇರೆಯೇ ಇದೆ. ಅದರಲ್ಲಿ ಬೆಂಗಳೂರಿಗೂ ಸ್ವಲ್ಪ ಪಾಲುಂಟು.

ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಸಲೀಸಾಗಿ ಓಡುತ್ತವೆ. ಯುರೇನಿಯಂ, ಸೀರಿಯಂ ಸೇರಿದ ಕೆಲವು ಲೋಹ ಸಂಯುಕ್ತಗಳಲ್ಲಿ ಹಾಗಲ್ಲ. ಅಲ್ಲಿ ‘ಎಫ್’ ಎಂಬ ಕಕ್ಷೆಯ ಎಲೆಕ್ಟ್ರಾನುಗಳು ಮನೆ ಬಿಟ್ಟು ಹೊರಡಲು ಒಲ್ಲವು. ಪುಟ್ಟ ಅಯಸ್ಕಾಂತಗಳಂತೆ ಕುಳಿತಿರುತ್ತವೆ. ವಿಪರೀತ ತಣಿಸಿದಾಗ, ಹಾದುಹೋಗುವ ಎಲೆಕ್ಟ್ರಾನುಗಳು ಇವುಗಳೊಡನೆ ತೊಡಕಿಕೊಳ್ಳುತ್ತವೆ. ಸಂಕ್ರಾಂತಿಯಂದು ಯಾದಗಿರಿ ಬಳಿಯ ಮೈಲಾಪುರ ಜಾತ್ರೆಯಲ್ಲಿ ಹೆಜ್ಜೆಗೊಬ್ಬ ನೆಂಟ ಕೈಹಿಡಿದು ನಿಲ್ಲಿಸಿದರೆ ಗುಡಿ ಮುಟ್ಟಲು ಎಷ್ಟು ಹೊತ್ತಾದೀತು? ಎಲೆಕ್ಟ್ರಾನಿನ ಪಾಡೂ ಅದೇ. ಅದು ನೂರಾರು ಪಟ್ಟು ಭಾರವಾದಂತೆ ವರ್ತಿಸುತ್ತದೆ. ‘ಹೆವಿ ಫರ್ಮಿಯಾನ್’ ಎಂಬ ಹೆಸರು ಬಂದದ್ದು ಇದರಿಂದ.

1975ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಅರ್ನ್ಸ್ಟ್ ಬೂಖರ್ ಮತ್ತು ಸಂಗಡಿಗರು ಯುರೇನಿಯಂ-ಬೆರಿಲಿಯಂ ಸಂಯುಕ್ತವನ್ನು ಮೈನಸ್ 272 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರು. ಅದು ಅತಿವಾಹಕವಾಯಿತು, ಎಂದರೆ ವಿದ್ಯುತ್ತಿಗೆ ತಡೆಯೇ ಇಲ್ಲವಾಯಿತು. ಆದರೆ ಕಾಂತಗುಣವು ಅತಿವಾಹಕತೆಯ ಶತ್ರು ಎಂಬುದು ಅಂದಿನ ಪಾಠ. ಬೆರಕೆಯಾಗಿ ಉಳಿದ ಯುರೇನಿಯಂ ಎಳೆಗಳಿಂದ ಹೀಗಾಗಿದೆ ಎಂದು ಬರೆದು ಅವರು ಕೈಬಿಟ್ಟರು. 1979ರಲ್ಲಿ ಜರ್ಮನಿಯ ಫ್ರಾಂಕ್ ಸ್ಟೆಗ್ಲಿಶ್ ಸೀರಿಯಂ, ತಾಮ್ರ, ಸಿಲಿಕಾನ್‌ಗಳ ಸಂಯುಕ್ತದಲ್ಲಿ ಭಾರದ ಎಲೆಕ್ಟ್ರಾನುಗಳೇ ಅತಿವಾಹಕವಾಗುವುದನ್ನು ತೋರಿಸಿದರು. 1983ರಲ್ಲಿ ಹಾನ್ಸ್ ಆಟ್ ಮತ್ತು ಸಂಗಡಿಗರು ಬೆರಿಲಿಯಂ ಸಂಯುಕ್ತವನ್ನು ಮತ್ತೆ ಪರೀಕ್ಷಿಸಿದರು. ಬೆರಕೆಯಲ್ಲ, ನಿಜವೇ! ಬೂಖರ್ ತಂಡಕ್ಕೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇದೇ ಬೂಖರ್ ಅದಕ್ಕೆ ಮೊದಲು ಇನ್ನೊಂದು ಸೋಜಿಗಕ್ಕೆ ಸಾಕ್ಷಿಯಾಗಿದ್ದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರೊಡನೆ ಚಂದ್ರಕಾಂತ ಶಿಲೆ, ಓಪಲ್‌ಗಳ ಬಣ್ಣದ ಗುಟ್ಟು ಹುಡುಕಿದ್ದ ಎ. ಜಯರಾಮನ್ ಮುಂದೆ ಬೆಲ್ ಪ್ರಯೋಗಾಲಯ ಸೇರಿದರು. 1970ರಲ್ಲಿ ಅವರು, ಬೆಂಗಳೂರಿನಲ್ಲಿ ಹುಟ್ಟಿದ ವೆಂಕಟೇಶ ನಾರಾಯಣಮೂರ್ತಿ, ಬೂಖರ್ ಮುಂತಾದವರು ಕೂಡಿ ಸಮೇರಿಯಂ ಸಲ್ಫೈಡನ್ನು ಹಿಂಡಿದರು. ವಾತಾವರಣದ ಒತ್ತಡದ ಸುಮಾರು 6,500 ಪಟ್ಟು ಆಗುತ್ತಲೇ ಕಪ್ಪು ಹರಳು ಚಿನ್ನದ ಬಣ್ಣದ ಲೋಹವಾಯಿತು. ಮನೆ ಬಿಡದ ‘ಎಫ್’ ಎಲೆಕ್ಟ್ರಾನನ್ನು ಒತ್ತಡ ಬೀದಿಗೆ ಎಳೆದಿತ್ತು. ರಾಮನ್ನರ ಶಿಷ್ಯನಿಗೆ ಇಲ್ಲೂ ಬಣ್ಣವೇ ದಾರಿ ತೋರಿತೆಂಬುದು ನನಗೆ ಬಲು ಹಿಡಿಸಿದ ಸಂಗತಿ.

ಭಾರದ ಎಲೆಕ್ಟ್ರಾನುಗಳ ಮೇಲೂ ಒತ್ತಡದ ಕೆಲಸ ಬಹುಮಟ್ಟಿಗೆ ಇಂಥದೇ. ಪರಮಾಣುಗಳು ಹತ್ತಿರವಾದಂತೆ ‘ಎಫ್’ ಎಲೆಕ್ಟ್ರಾನುಗಳು ನೆರೆಯವರೊಡನೆ ಹೆಚ್ಚು ಬೆರೆಯುತ್ತವೆ, ಕಾಂತಕ್ರಮ ಸಡಿಲಾಗುತ್ತದೆ. 1998ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ಎರಡು ಸೀರಿಯಂ ಸಂಯುಕ್ತಗಳನ್ನು ಹಿಂಡಿದಾಗ, ಕಾಂತಕ್ರಮ ಅಳಿಯುವ ಅಂಚಿನಲ್ಲೇ ಅತಿವಾಹಕತೆ ಹುಟ್ಟಿತು. ಶತ್ರುವೆಂದುಕೊಂಡ ಕಾಂತಗುಣವೇ ಎಲೆಕ್ಟ್ರಾನುಗಳನ್ನು ಜೋಡಿಗೂಡಿಸುತ್ತಿದೆ ಎಂದು ಅವರು ವಾದಿಸಿದರು.

2000ದಲ್ಲಿ ಮತ್ತೆ ಯುರೇನಿಯಂ ಸರದಿ. ಅಲ್ಲಿಯೇ ಸಿದ್ಧಾರ್ಥ ಸಕ್ಸೇನಾ ಮತ್ತು ಸಂಗಡಿಗರು ಯುರೇನಿಯಂ-ಜರ್ಮೇನಿಯಂ ಸಂಯುಕ್ತವನ್ನು ಹಿಂಡಿದರು. ಸುಮಾರು 10,000 ವಾತಾವರಣದ ಒತ್ತಡ, ಶಹಾಪುರದ ಬೆಟ್ಟದಡಿ ಸುಮಾರು 38 ಕಿಲೋಮೀಟರ್ ಇಳಿದರೆ ಬಂಡೆಯ ಭಾರದಿಂದ ಸಿಗುವಷ್ಟು, ಬಿದ್ದಾಗ ಅದು ಅತಿವಾಹಕವಾಯಿತು. ಕಬ್ಬಿಣದಂಥ ಕಾಂತತ್ವವಾದರೋ ಇನ್ನೂ ಅಳಿದಿರಲಿಲ್ಲ. 16,000 ದಾಟಿದ ಮೇಲೆ ಎರಡೂ ಒಟ್ಟಿಗೇ ಹೋದವು.